ಬ್ರೇಕ್ ಒಂದೇ ಪದ, ತಗಾಲೊಗ್‌ನಲ್ಲಿ ಹತ್ತಾರು: ಒಡೆ, ಮುರಿ, ಹರಿ ಹಿಡಿದು ಕಲಿಯುವ ಸಮಗ್ರ ಮಾರ್ಗದರ್ಶಿ

ಗಲ್ಫ್‌ನ ಒಂದು ಆಸ್ಪತ್ರೆಯಲ್ಲಿ ನಾನು ಏಳು ವರ್ಷ ನರ್ಸ್ ಆಗಿದ್ದೆ. ನಮ್ಮ ವಾರ್ಡಿನಲ್ಲಿ ಫಿಲಿಪೀನ್ಸ್‌ನವರೇ ಜಾಸ್ತಿ, ಅವರು ತಮ್ಮೊಳಗೆ ಮಾತಾಡುತ್ತಿದ್ದದ್ದು ಅವರ ದೇಶದ ತಗಾಲೊಗ್ ಭಾಷೆ. ಒಂದು ದಿನ ರಾತ್ರಿ ಪಾಳಿಯಲ್ಲಿ, ನನ್ನ ಜೊತೆಗಿದ್ದ ಹಿರಿಯ ನರ್ಸ್ ಒಬ್ಬರಿಗೆ ಊರಿನಿಂದ ಫೋನ್ ಬಂತು. ಅವರು ರೋಗಿಯ ಹತ್ತಿರ ಇದ್ದರು, ಫೋನ್ ಎತ್ತಿದ್ದು ನಾನು. ಅವರ ತಮ್ಮ ಬೈಕಿನಿಂದ ಬಿದ್ದು ಕೈ ಮುರಿದುಕೊಂಡಿದ್ದ. ಆ ಕಡೆಯವರು ಇಂಗ್ಲಿಷ್‌ನಲ್ಲಿ ಬ್ರೇಕ್ ಎಂಬ ಪದ ಬಳಸಿ ವಿಷಯ ಹೇಳಿದರು. ನನಗೆ ಆಗಷ್ಟೇ ನಾಲ್ಕು ಮಾತು ತಗಾಲೊಗ್ ಬರುತ್ತಿತ್ತು. ಬ್ರೇಕ್‌ಗೆ ಡಿಕ್ಷನರಿಯಲ್ಲಿ ಓದಿದ್ದ ಒಂದು ಪದ ನೆನಪಿತ್ತು. ಅದನ್ನೇ ಹಾಕಿ, "ನಪೂತೊಲ್ ಅಙ್ ಬ್ರಾಸೊ ನಙ್ ಕಪತೀದ್ ಮೊ" ಎಂದೆ.

ಅವರು ಕೈಯಲ್ಲಿದ್ದ ಟ್ರೇ ಕೆಳಗಿಟ್ಟು, ಗೋಡೆ ಹಿಡಿದು ಕೂತುಬಿಟ್ಟರು. ನಾನು ಹೇಳಿದ ಮಾತಿನ ಅರ್ಥ "ನಿಮ್ಮ ತಮ್ಮನ ಕೈ ತುಂಡಾಗಿದೆ" ಎಂದು. ಹೇಳಬೇಕಾಗಿದ್ದದ್ದು "ನಬಾಲಿ". ಮೂಳೆ ಮುರಿದಿದೆ, ಅಷ್ಟೇ. ನನ್ನ ಮೊಣಕೈ ತೋರಿಸಿ, ಪ್ಲಾಸ್ಟರ್ ಸುತ್ತಿದ ಹಾಗೆ ಸನ್ನೆ ಮಾಡಿದ ಮೇಲೆ ಅವರಿಗೆ ಉಸಿರು ಬಂತು.

ಆ ರಾತ್ರಿ ನನಗೆ ಒಂದು ವಿಷಯ ಹೊಳೆಯಿತು. ನಾನು ಕನ್ನಡದಲ್ಲಿ ಯೋಚಿಸಿದ್ದರೆ ಈ ತಪ್ಪು ಆಗುತ್ತಲೇ ಇರಲಿಲ್ಲ. ಕೈ ಮುರಿಯಿತು ಎನ್ನುವುದಕ್ಕೂ ಕೈ ತುಂಡಾಯಿತು ಎನ್ನುವುದಕ್ಕೂ ಇರುವ ಅಂತರ ನಮ್ಮ ಮನೆಯ ಪುಟ್ಟ ಮಗುವಿಗೂ ಗೊತ್ತು. ತಗಾಲೊಗ್‌ನವರಿಗೂ ಗೊತ್ತು. ಬ್ರೇಕ್ ಎಂಬ ಒಂದೇ ಇಂಗ್ಲಿಷ್ ಪದ ಹಿಡಿದು ಡಿಕ್ಷನರಿ ನೋಡಿದ್ದರಿಂದ ನಾನು ಎಡವಿದೆ. ಹಾಗಾಗಿ ಈ ಮಾರ್ಗದರ್ಶಿಯಲ್ಲಿ ನಾನು ಹೇಳುವ ದಾರಿ ಒಂದೇ: ಇಂಗ್ಲಿಷ್ ಮೂಲಕ ಸುತ್ತಿ ಹೋಗಬೇಡಿ, ಕನ್ನಡದಿಂದ ನೇರವಾಗಿ ತಗಾಲೊಗ್‌ಗೆ ಹೋಗಿ. ಗಲ್ಫ್‌ನಲ್ಲಿ ಫಿಲಿಪೀನ್ಸ್‌ನವರ ಜೊತೆ ಕೆಲಸ ಮಾಡುವವರಿಗೆ, ವೈದ್ಯಕೀಯ ಓದಲು ಆ ದೇಶಕ್ಕೆ ಹೋಗುವ ನಮ್ಮ ಮಕ್ಕಳಿಗೆ ಇದು ಉಪಯೋಗಕ್ಕೆ ಬರುತ್ತದೆ.

ಹಂತ 1: ಕಿವಿ ಮತ್ತು ನಾಲಿಗೆ ಸಿದ್ಧ ಮಾಡಿಕೊಳ್ಳಿ

ಉಚ್ಚಾರದಲ್ಲಿ ನಾವು ಅದೃಷ್ಟವಂತರು. ತಗಾಲೊಗ್‌ನ ತ, ದ ನಮ್ಮ ತ, ದ ಇದ್ದ ಹಾಗೇ ಹಲ್ಲಿಗೆ ತಾಗುತ್ತವೆ. ಇನ್ನೊಂದು ಸಂತೋಷ ಏನೆಂದರೆ, ಒಂದನೇ ತರಗತಿಯಲ್ಲಿ ತಿದ್ದಿ ಆಮೇಲೆ ಹೆಚ್ಚುಕಡಿಮೆ ಮರೆತೇಬಿಟ್ಟ ಙ ಅಕ್ಷರ ಇಲ್ಲಿ ದಿನಕ್ಕೆ ನೂರು ಸಲ ಬೇಕು. "ಅಙ್" ಎಂಬ ಪುಟ್ಟ ಪದ ನಾವು ಯಾವುದರ ಬಗ್ಗೆ ಮಾತಾಡುತ್ತಿದ್ದೇವೆ ಎಂದು ತೋರಿಸುತ್ತದೆ. "ನಙ್" ಹಲವು ಕಡೆ ನಮ್ಮ "ನ", "ಅನ್ನು" ಪ್ರತ್ಯಯಗಳ ಕೆಲಸ ಮಾಡುತ್ತದೆ. "ಕೊ" ಎಂದರೆ ನನ್ನ, "ಮೊ" ಎಂದರೆ ನಿನ್ನ.

ಒತ್ತು ಎಲ್ಲಿ ಬೀಳುತ್ತದೆ ಎನ್ನುವುದು ಮುಖ್ಯ. ಈ ಬರಹದಲ್ಲಿ ಒತ್ತು ಬೀಳುವ ಕಡೆ ಸಾಮಾನ್ಯವಾಗಿ ದೀರ್ಘ ಹಾಕಿದ್ದೇನೆ. ಪೂನಿತ್ ಎಂದು ಮೊದಲಿಗೆ ಒತ್ತು ಕೊಟ್ಟರೆ ಹರಿದ ಜಾಗ, ಹರುಕು. ಪುನೀತ್ ಎಂದು ಕೊನೆಗೆ ಒತ್ತು ಕೊಟ್ಟರೆ ಹರಿದಿರುವ, ಹರಕಲು. ನಮ್ಮ ಪುನೀತ್ ಎಂಬ ಹೆಸರಿನ ಹಾಗೇ ಕೇಳಿಸುವುದರಿಂದ ಈ ಪದ ಒಮ್ಮೆ ಕೇಳಿದರೆ ಮರೆಯುವುದಿಲ್ಲ. ಬಾಸಗ್ ಮತ್ತು ಬಸಾಗ್, ಸೀರ ಮತ್ತು ಸಿರಾ ಕೂಡ ಇದೇ ಲೆಕ್ಕ.

ಹಂತ 2: ಬ್ರೇಕ್ ಕೇಳಿದ ತಕ್ಷಣ ಕನ್ನಡದಲ್ಲಿ ಹೇಳಿಕೊಳ್ಳಿ

ಇಂಗ್ಲಿಷ್ ವಾಕ್ಯ ಕಿವಿಗೆ ಬಿದ್ದರೆ ಡಿಕ್ಷನರಿ ತೆಗೆಯಬೇಡಿ. ಇದನ್ನೇ ಅಮ್ಮನಿಗೆ ಫೋನಿನಲ್ಲಿ ಹೇಗೆ ಹೇಳುತ್ತಿದ್ದೆ ಎಂದು ಯೋಚಿಸಿ. ಲೋಟ ಒಡೀತು. ಕೊಂಬೆ ಮುರೀತು. ಸೀರೆ ಹರೀತು. ಚಪ್ಪಲಿ ಕಿತ್ತುಹೋಯ್ತು. ಮಿಕ್ಸಿ ಕೆಟ್ಟೋಯ್ತು. ನೋಡಿ, ಐದು ವಾಕ್ಯ, ಐದು ಕ್ರಿಯಾಪದ. ಸೀರೆ ಹರಿದದ್ದೊಂದು ಬಿಟ್ಟರೆ ಉಳಿದ ನಾಲ್ಕಕ್ಕೂ ಇಂಗ್ಲಿಷ್ ಬ್ರೇಕ್ ಎಂದು ಸುಮ್ನೆ ಮುಂದೆ ಹೋಗುತ್ತದೆ. ತಗಾಲೊಗ್ ಹಾಗೆ ಮಾಡುವುದಿಲ್ಲ, ನಮ್ಮ ಹಾಗೇ ವಸ್ತು ನೋಡಿ ಪದ ಆರಿಸುತ್ತದೆ.

ಕನ್ನಡ ದ್ರಾವಿಡ ಕುಟುಂಬದ್ದು, ತಗಾಲೊಗ್ ಆಸ್ಟ್ರೋನೇಷ್ಯನ್ ಕುಟುಂಬದ್ದು. ರಕ್ತಸಂಬಂಧ ಏನೂ ಇಲ್ಲ. ಆದರೂ ಒಡೆಯುವ, ಮುರಿಯುವ ವಿಷಯದಲ್ಲಿ ಇಬ್ಬರ ಕಣ್ಣೂ ಒಂದೇ ತರಹ ನೋಡುತ್ತದೆ.

ಹಂತ 3: ವಸ್ತು ನೋಡಿ ಪದ ಹಿಡಿಯಿರಿ

ಇದೇ ಈ ಮಾರ್ಗದರ್ಶಿಯ ಹೃದಯ. ನಿಧಾನವಾಗಿ ಓದಿ.

ಗಾಜು, ಪಿಂಗಾಣಿ, ಮಡಕೆ, ಕನ್ನಡಿ ಒಡೆದರೆ ಬಾಸಗ್. "ನಬಾಸಗ್ ಅಙ್ ಬಾಸೊ" ಎಂದರೆ ಗಾಜಿನ ಲೋಟ ಒಡೆಯಿತು. ಬಾಸೊ ಸ್ಪ್ಯಾನಿಷ್‌ನಿಂದ ಬಂದ ಪದ. ಮುನ್ನೂರು ವರ್ಷಕ್ಕೂ ಜಾಸ್ತಿ ಅಲ್ಲಿ ಸ್ಪೇನ್‌ನವರು ಆಳಿದರು, ಹಾಗಾಗಿ ಅಡುಗೆಮನೆಯ ಎಷ್ಟೋ ಪದಗಳು ಸ್ಪ್ಯಾನಿಷ್. ಗಾಜು ಪೂರ್ತಿ ಒಡೆಯದೆ ಸಣ್ಣ ಬಿರುಕು ಬಿಟ್ಟಿದ್ದರೆ ಬಾಸಗ್‌ಗಿಂತ ಲಾಮತ್ ಎನ್ನುವುದು ಚೆನ್ನ. ಸಂಬಂಧದಲ್ಲಿ ಬಿರುಕು ಬಂದಿದೆ ಎನ್ನಲೂ ಲಾಮತ್ ಬಳಸುತ್ತಾರೆ, ನಮ್ಮ ಬಿರುಕಿನ ಹಾಗೇ. ಊರಿಗೆ ಸಾಮಾನು ಕಳಿಸುವಾಗ ಫಿಲಿಪೀನ್ಸ್‌ನವರು ದೊಡ್ಡ ರಟ್ಟಿನ ಪೆಟ್ಟಿಗೆ ತುಂಬುತ್ತಾರೆ, ಬಾಲಿಕ್‌ಬಾಯನ್ ಬಾಕ್ಸ್ ಎನ್ನುತ್ತಾರೆ. ಅದರಲ್ಲಿ ಗಾಜಿನ ಸಾಮಾನು ಇದ್ದರೆ ಅದು "ಬಬಸಗೀನ್", ಅಂದರೆ ಒಡೆಯುವಂಥದ್ದು. ಎತ್ತುವಾಗ ಜೋಪಾನ.

ಬಾಸಗ್‌ನಿಂದ ಹುಟ್ಟಿದ ಮಾತುಗಳು ಬಹಳ ಚೆನ್ನಾಗಿವೆ. ತಲೆಗೆ ಊಲೊ ಎನ್ನುತ್ತಾರೆ. ಬಾಸಗ್-ಊಲೊ ಎಂದರೆ ತಲೆ ಒಡೆಯುವ ಹೊಡೆದಾಟ. ಸದಾ ಜಗಳ ಕಾಯುವವನು ಬಸಗುಲೇರೊ. ತೀರಾ ಮೃದು ನಡೆಯ, ನಾಜೂಕು ಹುಡುಗಿಯನ್ನು "ದಿ ಮಕಬಾಸಗ್-ಪಿಙ್‌ಗಾನ್" ಎನ್ನುತ್ತಾರೆ: ಒಂದು ತಟ್ಟೆಯನ್ನೂ ಒಡೆಯಲಾರದವಳು. ಸಿಟ್ಟು ಬಂದವನು "ಬಬಸಾಗಿನ್ ಕೊ ಅಙ್ ಮುಕ್‌ಹಾ ಮೊ" ಎಂದರೆ "ನಿನ್ನ ಮುಖ ಒಡೆದುಹಾಕ್ತೀನಿ" ಎಂದು. ಅಲ್ಲಿಯ ಮುಕ್‌ಹಾ ನಮ್ಮ ಮುಖವೇ. ಸಂಸ್ಕೃತದಿಂದ ಎರಡೂ ಕಡೆ ಹೋದ ಪದ. ಗುರುವಿಗೆ ಗೂರೊ, ಆಸೆಗೆ ಆಸ ಎನ್ನುವುದೂ ಹಾಗೇ ಬಂದದ್ದು.

ಮೂಳೆ, ಕೊಂಬೆ, ಕೋಲು ಮುರಿದರೆ ಬಾಲಿ. "ನಬಾಲಿ ಅಙ್ ಬ್ರಾಸೊ ನಿಯಾ" ಎಂದರೆ ಅವನ ಅಥವಾ ಅವಳ ಕೈ ಮುರಿದಿದೆ. ಗಟ್ಟಿಯಾಗಿ ಉದ್ದಕ್ಕಿರುವುದು ಬಾಗಿ ಲಟಕ್ ಎಂದರೆ ಬಾಲಿ. ಬರೀ ಉಳುಕಿದ್ದರೆ ಪೀಲಯ್. ಆಸ್ಪತ್ರೆಯಲ್ಲಿ ಕೆಲಸ ಮಾಡುವವರು ಇವೆರಡನ್ನು ಮೊದಲ ದಿನವೇ ಕಲಿಯಬೇಕು.

ಪೂತೊಲ್ ಎಂದರೆ ಕತ್ತರಿಸಿ ಹೋಗುವುದು, ತುಂಡಾಗಿ ಬೇರೆಯಾಗುವುದು. ನಾನು ತಪ್ಪು ಮಾಡಿದ್ದು ಇಲ್ಲೇ. ಆದರೆ ಇದು ದಿನನಿತ್ಯ ಬೇಕಾಗುವ ಪದ. ಫೋನ್ ಮಧ್ಯದಲ್ಲಿ ಕಟ್ ಆದರೆ "ನಪೂತೊಲ್ ಅಙ್ ತಾವಗ್". ಬಿಲ್ ಕಟ್ಟದೆ ಮನೆಯ ಕರೆಂಟ್ ತೆಗೆದುಬಿಟ್ಟರೆ "ನಪುತೂಲನ್ ಕಮೀ ನಙ್ ಕುರ್ಯೆಂತೆ". ನಾವು ಹೀಗೆ ಕಟ್ ಆಯ್ತು ಎನ್ನುವ ಎಷ್ಟೋ ಜಾಗದಲ್ಲಿ ಪೂತೊಲ್ ಸರಿಯಾಗಿ ಕೂರುತ್ತದೆ.

ಬಟ್ಟೆ, ಕಾಗದ ಹರಿದರೆ ಪೂನಿತ್. "ನಪೂನಿತ್ ಅಙ್ ದಮೀತ್ ಕೊ", ನನ್ನ ಬಟ್ಟೆ ಹರಿಯಿತು. ಹಗ್ಗ, ದಾರ ಎಳೆತಕ್ಕೆ ತುಂಡಾದರೆ ಪತೀದ್ ಅಥವಾ ಲಗೋತ್. ಚಪ್ಪಲಿಯ ಪಟ್ಟಿ ಕಿತ್ತರೆ ಪಿಗ್ತಾಸ್: "ನಪಿಗ್ತಾಸ್ ಅಙ್ ಚಿನೇಲಸ್ ಕೊ". ಹೊಲಿಗೆ ಬಿಟ್ಟುಹೋದರೂ ಪಿಗ್ತಾಸ್.

ಲಗೋತ್ ಬಗ್ಗೆ ಒಂದು ಮಾತು. ಉಸಿರಿಗೆ ಹಿನಿಙಾ ಎನ್ನುತ್ತಾರೆ. "ನಲಗುತಾನ್ ನಙ್ ಹಿನಿಙಾ" ಎಂದರೆ ಉಸಿರಿನ ದಾರ ಕಡಿಯಿತು, ಅಂದರೆ ತೀರಿಕೊಂಡರು. ವಾರ್ಡಿನಲ್ಲಿ ಈ ಮಾತನ್ನು ತಗ್ಗಿದ ದನಿಯಲ್ಲಿ ಕೇಳಿದ್ದೇನೆ. ಅದೇ ಪದವನ್ನು ಮಕ್ಕಳಿಗೆ "ಲಗೋತ್ ಕ!" ಎಂದು ಹೇಳಿದರೆ "ಇವತ್ತು ನಿನ್ನ ಕಥೆ ಮುಗೀತು ನೋಡು!" ಎಂದು ಬೈದ ಹಾಗೆ.

ಇನ್ನು ಬಿಯಾಕ್. ಎರಡು ಹೋಳಾಗಿ ಸೀಳುವುದು. ತೆಂಗಿನಕಾಯಿ ಒಡೆಯುವುದಕ್ಕೆ ಬಳಸುವುದು ಬಿಯಾಕ್. ಒಡೆದ ಹೋಳನ್ನು ತುರಿಯಲು ಅವರ ಹತ್ತಿರ ಕುದ್‌ಕೂರನ್ ಇದೆ: ಕೂರಲು ಮಣೆ, ಮುಂದೆ ಹಲ್ಲಿರುವ ಕಬ್ಬಿಣ. ಥೇಟ್ ನಮ್ಮ ತುರಿಮಣೆ! ಮೊದಲ ಸಲ ಅದರ ಫೋಟೋ ನೋಡಿದಾಗ ನನಗೆ ನಮ್ಮ ಅಜ್ಜಿಮನೆ ಕಣ್ಣೆದುರು ಬಂತು. ಒಬ್ಬರನ್ನೊಬ್ಬರು ಅಚ್ಚು ಹೊಯ್ದ ಹಾಗೆ ಹೋಲುವವರನ್ನು "ಪಿನಗ್‌ಬಿಯಾಕ್ ನ ಬೂಙ" ಎನ್ನುತ್ತಾರೆ, ಒಂದೇ ಕಾಯಿಯ ಎರಡು ಹೋಳು. ಇತಿಹಾಸದಲ್ಲೂ ಈ ಪದ ಇದೆ. ಬುಲಕಾನ್ ಪ್ರಾಂತ್ಯದ ಬಿಯಾಕ್-ನ-ಬತೋ, ಅಂದರೆ ಸೀಳುಬಂಡೆ ಎಂಬ ಜಾಗದಲ್ಲಿ 1897ರಲ್ಲಿ ಎಮಿಲಿಯೊ ಅಗಿನಾಲ್ಡೊ ಅವರ ಕ್ರಾಂತಿಕಾರಿಗಳು ಗಣರಾಜ್ಯ ಘೋಷಿಸಿದ್ದರು. ಅದೇ ವರ್ಷ ಡಿಸೆಂಬರ್‌ನಲ್ಲಿ ಸ್ಪೇನ್ ಜೊತೆ ಆದ ಒಪ್ಪಂದಕ್ಕೂ ಅದೇ ಹೆಸರು.

ಇಲ್ಲಿ ಒಂದು ಎಚ್ಚರಿಕೆ. ನಮ್ಮ ಒಡೆ ಎಲ್ಲ ಕಡೆ ಬಾಸಗ್ ಆಗುವುದಿಲ್ಲ. ಹಾಲು ಒಡೆದರೆ ಪಾನಿಸ್, ಅಂದರೆ ಹಳಸಿತು ಎನ್ನಬೇಕು. ಟೈರ್ ಒಡೆದರೆ "ಪುಮುತೋಕ್ ಅಙ್ ಗುಲೋಙ್". ಕುರು ಒಡೆದರೂ ಪುಮುತೋಕ್. 1991ರಲ್ಲಿ ಪಿನಟೂಬೊ ಜ್ವಾಲಾಮುಖಿ ಸಿಡಿದದ್ದಕ್ಕೂ ಅದೇ ಪದ. ಒಳಗಿನ ಒತ್ತಡ ತಡೆಯದೆ ಹೊರಗೆ ಚಿಮ್ಮಿದರೆ ಪುತೋಕ್ ಎಂದು ನೆನಪಿಡಿ. ಹದಿಹರೆಯದ ಹುಡುಗನ ಗಂಟಲು ಒಡೆದರೆ, ಹಾಡುವಾಗ ದನಿ ಕೀರಲಾದರೆ, ಪುಮಿಯೋಕ್.

ಹಂತ 4: ಕೆಟ್ಟಿದ್ದಕ್ಕೆಲ್ಲ ಸೀರ

ಕನ್ನಡದವರಿಗೆ ಅತಿ ಸುಲಭದ ಹಂತ ಇದು. ಯಂತ್ರ ಕೆಟ್ಟರೆ ಸೀರ. "ನಸೀರ ಅಙ್ ಸೆಲ್‌ಫೋನ್ ಕೊ", ನನ್ನ ಮೊಬೈಲ್ ಕೆಟ್ಟುಹೋಯ್ತು. ನೆಲಕ್ಕೆ ಬಿದ್ದು ಗಾಜು ಮಾತ್ರ ಒಡೆದಿದ್ದರೆ ಬಾಸಗ್, ಆನ್ ಆಗದೇ ಇದ್ದರೆ ಸೀರ. ರಿಪೇರಿ ಅಂಗಡಿಯಲ್ಲಿ ಈ ವ್ಯತ್ಯಾಸ ಹೇಳಿದರೆ ಅರ್ಧ ಕೆಲಸ ಮುಗಿದ ಹಾಗೆ.

ಈಗ ಮುಂದೆ ನೋಡಿ. "ಸಿರಾ ಅಙ್ ತಿಯಾನ್ ಕೊ" ಎಂದರೆ ನನ್ನ ಹೊಟ್ಟೆ ಕೆಟ್ಟಿದೆ. "ಸಿರಾ ಅಙ್ ಊಲೊ ಮೊ" ಎಂದರೆ ನಿನ್ನ ತಲೆ ಕೆಟ್ಟಿದೆ. "ನಸೀರ ಅಙ್ ಪಙಾಲನ್" ಎಂದರೆ ಹೆಸರು ಕೆಟ್ಟಿತು. ಹಲ್ಲು ಕೆಟ್ಟರೂ ಸಿರಾ. ಪದಕ್ಕೆ ಪದ ನಮ್ಮದೇ ಮಾತು, ಅಲ್ವಾ? ಇಂಗ್ಲಿಷ್‌ನಲ್ಲಿ ನನ್ನ ಹೊಟ್ಟೆ ಬ್ರೇಕ್ ಆಗಿದೆ ಎಂದು ಯಾರೂ ಹೇಳುವುದಿಲ್ಲ. ಹೊಟ್ಟೆನೋವು, ಭೇದಿ ಎಂದು ಬಂದ ಫಿಲಿಪೀನೊ ರೋಗಿಗಳನ್ನು ನಾನು "ಸಿರಾ ಬ ಅಙ್ ತಿಯಾನ್ ನಿನ್ಯೊ?" ಎಂದು ಕೇಳುತ್ತಿದ್ದೆ. ಆಗ ಅವರ ಮುಖದ ಬಿಗಿ ಸಡಿಲವಾಗುವುದನ್ನು ಎಷ್ಟೋ ಸಲ ಕಂಡಿದ್ದೇನೆ. ನಿನ್ಯೊ ಎಂದರೆ ನಿಮ್ಮ, ಗೌರವದ ರೂಪ. ಹೇಳಿದ್ದನ್ನೇ ಹೇಳುವವರಿಗೆ "ಸಿರಾಙ್ ಪ್ಲಾಕ" ಎನ್ನುತ್ತಾರೆ, ಕೆಟ್ಟ ಗ್ರಾಮಫೋನ್ ತಟ್ಟೆ.

ಹಂತ 5: ತಾನಾಗಿ ಒಡೆಯಿತೋ, ನೀವೇ ಒಡೆದಿರೋ?

ಪದ ಗೊತ್ತಾದರೆ ಸಾಲದು. ಬೇಕಂತಲೇ ಮಾಡಿದ್ದಾ, ಕೈತಪ್ಪಿ ಆಗಿದ್ದಾ ಎನ್ನುವುದು ತಗಾಲೊಗ್‌ನ ಕ್ರಿಯಾಪದದಲ್ಲೇ ಗೊತ್ತಾಗುತ್ತದೆ. ಇದನ್ನೂ ಕನ್ನಡದಿಂದಲೇ ಹಿಡಿಯಿರಿ.

"ನಬಾಸಗ್ ಅಙ್ ಬಾಸೊ": ಲೋಟ ಒಡೆಯಿತು.
"ನಬಾಸಗ್ ಕೊ ಅಙ್ ಬಾಸೊ": ಲೋಟ ನನ್ನ ಕೈಯಿಂದ ಒಡೆದುಹೋಯ್ತು.
"ನಕಬಾಸಗ್ ಅಕೋ ನಙ್ ಬಾಸೊ": ನನ್ನಿಂದ ಒಂದು ಲೋಟ ಒಡೆದುಹೋಯ್ತು.
"ಬಿನಾಸಗ್ ಕೊ ಅಙ್ ಬಾಸೊ": ಲೋಟವನ್ನು ನಾನೇ ಒಡೆದುಹಾಕಿದೆ.

ಎರಡನೆಯದು ಮತ್ತು ನಾಲ್ಕನೆಯದನ್ನು ಅದಲುಬದಲು ಮಾಡಬೇಡಿ. ಯಾರದ್ದೋ ಕಪ್ ಕೈಜಾರಿ ಬಿದ್ದಾಗ "ಬಿನಾಸಗ್ ಕೊ" ಎಂದರೆ, ಸಿಟ್ಟಿನಲ್ಲಿ ಎತ್ತಿ ಬಿಸಾಡಿದೆ ಎಂದು ಒಪ್ಪಿಕೊಂಡ ಹಾಗೆ. ಕ್ಷಮೆ ಕೇಳಬೇಕೆಂದರೆ "ನಬಾಸಗ್ ಕೊ ಪೊ" ಎನ್ನಿ. ಪೊ ಎನ್ನುವುದು ಗೌರವದ ಮಾತು, ಹೆಚ್ಚುಕಡಿಮೆ ನಮ್ಮ ರೀ ಇದ್ದ ಹಾಗೆ. ದೊಡ್ಡವರ ಜೊತೆ ಮಾತಾಡುವಾಗ ಬಿಡಲೇಬೇಡಿ.

ಕಾಲದ ಲೆಕ್ಕವೂ ಸರಳ. ಆಗಿಹೋಗಿದ್ದರೆ ನಬಾಸಗ್. ಆಗುತ್ತಿದ್ದರೆ ಮೂಲಪದದ ಮೊದಲ ಅಕ್ಷರ ಎರಡು ಸಲ ಬರುತ್ತದೆ: ನಬಬಾಸಗ್. ಮುಂದೆ ಆಗುವುದಾದರೆ ನ ಹೋಗಿ ಮ ಬರುತ್ತದೆ: ಮಬಬಾಸಗ್. "ಹುಷಾರು, ಒಡೆಯುತ್ತೆ!" ಎನ್ನಲು "ಈಙತ್, ಮಬಬಾಸಗ್!" ಎಂದರೆ ಸಾಕು. ಇದೇ ಅಚ್ಚಿನಲ್ಲಿ ನಬಾಲಿ, ನಬಬಾಲಿ, ಮಬಬಾಲಿ. ನಸೀರ, ನಸಿಸೀರ, ಮಸಿಸೀರ. ಒಂದು ಸಲ ನಾಲಿಗೆ ಪಳಗಿದರೆ ಉಳಿದವು ತಾವೇ ಬರುತ್ತವೆ.

ಹಂತ 6: ಕಣ್ಣಿಗೆ ಕಾಣದ ಬ್ರೇಕ್‌ಗಳು

ಏನೂ ಒಡೆಯದೆ ಇದ್ದರೂ ಇಂಗ್ಲಿಷ್ ಬ್ರೇಕ್ ಎನ್ನುವ ಸಂದರ್ಭಗಳಿವೆ. ಇಲ್ಲಿ ಬಾಸಗ್, ಬಾಲಿ ಬಿಟ್ಟುಬಿಡಿ.

ಕೆಲಸದ ನಡುವಿನ ಬಿಡುವಿಗೆ ಪಹಿಙಾ. "ಮಗ್‌ಪಹಿಙಾ ಮೂನ ತಾಯೊ", ಮೊದಲು ಸ್ವಲ್ಪ ಸುಧಾರಿಸಿಕೊಳ್ಳೋಣ. ಇದರ ಒಳಗಿರುವುದು ಉಸಿರಿನ ಹಿಙಾ. ಉಸಿರು ಬಿಡೋಕೂ ಪುರುಸೊತ್ತಿಲ್ಲ ಎನ್ನುವ ನಮಗೆ ಇದು ಹೊಸದಲ್ಲ. ಬಿಡುವಿನಲ್ಲಿ ತಿನ್ನುವ ಕುರುಕಲಿಗೆ ಮೆರ್ಯೆಂದ. ಬೆಳಗಿನ ತಿಂಡಿಗೆ ಅಲ್ಮುಸಾಲ್ ಅಥವಾ ಅಗಾಹನ್.

ಗಾಡಿಯ ಬ್ರೇಕ್ ಇಂಗ್ಲಿಷ್‌ನಲ್ಲಿ ಬೇರೆ ಪದ, ಆದರೆ ಕನ್ನಡದಲ್ಲಿ ಎರಡನ್ನೂ ಒಂದೇ ತರಹ ಬರೆಯುತ್ತೇವೆ, ಹಾಗಾಗಿ ಗೊಂದಲ ಆಗುತ್ತದೆ. ಅದಕ್ಕೆ ಪ್ರೇನೊ. "ನವಲಾನ್ ನಙ್ ಪ್ರೇನೊ" ಎಂದರೆ ಬ್ರೇಕ್ ಫೇಲ್ ಆಯಿತು.

ಮಾತು ಮುರಿದರೆ, ಅಂದರೆ ಕೊಟ್ಟ ಮಾತು ತಪ್ಪಿದರೆ, "ಹಿಂದೀ ತುಮುಪಾದ್ ಸ ಪಙಾಕೊ", ಮಾತು ನಡೆಸಲಿಲ್ಲ. ಇಲ್ಲಿ ಹಿಂದೀ ಎಂದರೆ ಇಲ್ಲ, ಅಲ್ಲ ಎಂದರ್ಥ. ನಮ್ಮ ದೇಶದ ಹಿಂದಿ ಭಾಷೆಗೂ ಇದಕ್ಕೂ ಸಂಬಂಧ ಇಲ್ಲ. ಕಾನೂನು ಮುರಿದರೆ "ಲುಮಬಾಗ್ ಸ ಬತಾಸ್". ಪ್ರೀತಿಸಿದವರು ಬೇರೆಯಾದರೆ "ನಗ್‌ಹಿವಲಾಯ್ ಸಿಲಾ". ಹುಡುಗರು "ನಗ್-ಬ್ರೇಕ್ ಸಿಲಾ" ಎಂದು ಇಂಗ್ಲಿಷ್ ಬೆರೆಸಿಯೇ ಹೇಳುತ್ತಾರೆ, ನಮ್ಮವರು ಬ್ರೇಕಪ್ ಆಯ್ತು ಎನ್ನುವ ಹಾಗೆ. ಕಳ್ಳರು ಮನೆಗೆ ನುಗ್ಗಿದರೆ "ನಿಲೊಓಬನ್ ಅಙ್ ಬಾಹಯ್". ಜ್ವರ ಬಿಟ್ಟರೆ "ಬುಮಬಾ ಅಙ್ ಲಗ್ನಾತ್", ಜ್ವರ ಇಳಿಯಿತು.

ನೋಟು ಮುರಿಸುವುದು, ಅಂದರೆ ಚಿಲ್ಲರೆ ಮಾಡಿಸುವುದು, ದಿನವೂ ಬೇಕಾಗುತ್ತದೆ. ಚಿಲ್ಲರೆಗೆ ಬರ್ಯಾ. "ಪಬರ್ಯಾ ಪೊ" ಎಂದರೆ "ಸ್ವಲ್ಪ ಚಿಲ್ಲರೆ ಮಾಡಿಕೊಡಿ". ಅಲ್ಲಿ ಬಸ್ಸಿನ ಹಾಗೆ ಜನರನ್ನು ಒಯ್ಯುವ ಜೀಪ್ನಿ ಗಾಡಿಗಳಲ್ಲಿ "ಬರ್ಯಾ ಲಙ್ ಪೊ ಸ ಉಮಾಗ" ಎಂದು ಬರೆದಿರುತ್ತಾರೆ: ಬೆಳಿಗ್ಗೆ ಚಿಲ್ಲರೆ ಮಾತ್ರ ಕೊಡಿ. ಬೆಂಗಳೂರಿನ ಸಿಟಿ ಬಸ್ಸಿನಲ್ಲಿ ಬೆಳಿಗ್ಗೆ ಐನೂರರ ನೋಟು ಚಾಚಿದವರಿಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಆದರೆ ಕೊಟ್ಟ ದುಡ್ಡಿಗೆ ವಾಪಸ್ ಬರಬೇಕಾದ ಚಿಲ್ಲರೆಗೆ ಬರ್ಯಾ ಅನ್ನಬೇಡಿ, ಅದಕ್ಕೆ ಸುಕ್ಲೀ. ಡ್ರೈವರ್ ಅನ್ನು "ಕೂಯ" ಎಂದು ಕರೆಯಿರಿ, ಅಣ್ಣ ಎಂದ ಹಾಗೆ. ಹೆಂಗಸರಾದರೆ "ಆತೆ", ಅಕ್ಕ.

ಬೆಳಗಾಗುವುದಕ್ಕೂ ಇಂಗ್ಲಿಷ್‌ನಲ್ಲಿ ಬ್ರೇಕ್ ಇದೆ. ನಾವು ಬೆಳಕು ಹರಿಯಿತು ಎನ್ನುತ್ತೇವೆ. ಅವರು "ಬುಕಾಙ್-ಲಿವಾಯ್‌ವಾಯ್" ಎನ್ನುತ್ತಾರೆ. ಬುಕಾ ಎಂದರೆ ತೆರೆದುಕೊಂಡದ್ದು. ಅರುಣೋದಯ ಬಾಗಿಲು ತೆರೆದ ಹಾಗೆ. ನನಗೆ ಬಹಳ ಇಷ್ಟವಾದ ಪದ ಇದು.

ಹಂತ 7: ಬೇರು ಹುಡುಕುವುದು, ಬಳಸುವುದು

ತಗಾಲೊಗ್ ಡಿಕ್ಷನರಿಯಲ್ಲಿ "ಬಿನಾಸಗ್" ಹುಡುಕಿದರೆ ಸಿಗದೇ ಹೋಗಬಹುದು. ಮೂಲಪದ ಹುಡುಕಬೇಕು. ಮೊದಲಿಗೆ ನ, ಮ, ನಕ ಇದ್ದರೆ ತೆಗೆಯಿರಿ. ಕೊನೆಯಲ್ಲಿ ಇನ್, ಅನ್ ಇದ್ದರೆ ತೆಗೆಯಿರಿ. ಮೊದಲ ವ್ಯಂಜನದ ಹಿಂದೆಯೇ ಇನ್ ಅಥವಾ ಉಮ್ ನುಸುಳಿದ್ದರೆ ಅದನ್ನೂ ತೆಗೆಯಿರಿ. ಬಿನಾಸಗ್‌ನಿಂದ ಇನ್ ತೆಗೆದರೆ ಬಾಸಗ್. ಪುಮುತೋಕ್‌ನಿಂದ ಉಮ್ ತೆಗೆದರೆ ಪುತೋಕ್. ಸಿಕ್ಕಿತು.

ಫಿಲಿಪೀನ್ಸ್‌ನ ದಕ್ಷಿಣದಲ್ಲಿರುವ ದಾವಾವೊ ನಗರದ ಕಡೆ ಓದಲು ಹೋಗುವವರಿಗೆ ಒಂದು ಮಾತು. ಅಲ್ಲಿ ಮನೆಮಾತು ಹೆಚ್ಚಾಗಿ ಬಿಸಾಯ, ಅಂದರೆ ಸೆಬುವಾನೊ. ಅದರಲ್ಲಿ ಗಾಜು ಒಡೆದರೆ ಬುವಾಕ್, ಯಂತ್ರ ಕೆಟ್ಟರೆ ಗೂಬ. ಆದರೂ ನಿಮ್ಮ ತಗಾಲೊಗ್ ಅವರಿಗೆ ಅರ್ಥವಾಗುತ್ತದೆ. 1937ರಲ್ಲಿ ರಾಷ್ಟ್ರಭಾಷೆಗೆ ತಗಾಲೊಗ್ ಅನ್ನು ಬುನಾದಿಯಾಗಿ ಆರಿಸಿದರು, ಅದರ ಮೇಲೆ ಬೆಳೆದ ಫಿಲಿಪೀನೊ ಭಾಷೆಯನ್ನು ಮಕ್ಕಳು ಶಾಲೆಯಲ್ಲಿ ಕಲಿಯುತ್ತಾರೆ.

ಅಭ್ಯಾಸಕ್ಕೆ ಇಂದೇ ಹೀಗೆ ಮಾಡಿ. ಮನೆಯಲ್ಲಿ ಹತ್ತು ಸಾಮಾನು ಎದುರಿಗಿಟ್ಟುಕೊಳ್ಳಿ: ಗಾಜಿನ ಲೋಟ, ಪೆನ್ಸಿಲ್, ಹಳೇ ಟವೆಲ್, ದಾರದ ಉಂಡೆ, ಚಪ್ಪಲಿ, ಟಾರ್ಚ್, ತೆಂಗಿನಕಾಯಿ, ಬಲೂನ್, ಹಾಲಿನ ಪಾತ್ರೆ, ಐನೂರರ ನೋಟು. ಒಂದೊಂದನ್ನು ಕೈಯಲ್ಲಿ ಹಿಡಿದು ಮೊದಲು ಕನ್ನಡದಲ್ಲಿ ಏನಾಗಬಹುದು ಎಂದು ಹೇಳಿ, ಆಮೇಲೆ ತಗಾಲೊಗ್‌ನಲ್ಲಿ ಹೇಳಿ. ಇಂಗ್ಲಿಷ್ ಬಾಯಿಗೆ ಬಂದರೆ ಆ ಸಾಮಾನು ಪಕ್ಕಕ್ಕಿಟ್ಟು ಕೊನೆಯಲ್ಲಿ ಮತ್ತೆ ಹಿಡಿಯಿರಿ. ಮೂರು ದಿನ ಆದಮೇಲೆ ಫಿಲಿಪೀನೊ ಸ್ನೇಹಿತರೊಬ್ಬರ ಎದುರು ಇದೇ ಹತ್ತನ್ನು ಹೇಳಿ ತೋರಿಸಿ. ನನಗೆ ತಿದ್ದಿದವರು ಆ ಹಿರಿಯ ನರ್ಸೇ. ಅವರನ್ನು ನಾನು ಆತೆ ಎಂದೇ ಕರೆಯುತ್ತಿದ್ದೆ. ಪಾಳಿ ಮುಗಿದ ಮೇಲೆ ಕ್ಯಾಂಟೀನಿನಲ್ಲಿ ಕೂತು, ಐಸ್‌ಕ್ರೀಮ್ ಕಡ್ಡಿಯನ್ನು ಕೈಯಲ್ಲಿ ಲಟಕ್ ಎನಿಸಿ "ಬಾಲಿ" ಎನ್ನುತ್ತಿದ್ದರು. ಅದನ್ನೇ ಕತ್ತರಿಯಲ್ಲಿ ಕತ್ತರಿಸಿ ಎರಡು ತುಂಡನ್ನೂ ದೂರ ದೂರ ಇಟ್ಟು "ಪೂತೊಲ್" ಎನ್ನುತ್ತಿದ್ದರು.